ಪ್ರೇಮ ಕಾದಂಬರಿಯ ಕಪಾಟಿಗೆ ಬೀಗವೇಕೆ?



ಕಳೆದ ತಿಂಗಳ ನಮ್ಮ ಸಂಘದ ಸಭೆಯಲ್ಲಿ ಹಿರಿಯ ಸದಸ್ಯರೊಬ್ಬರು ಒಂದು ಸೂಚನೆಯನ್ನು ಮುಂದಿಟ್ಟರು. ನಮ್ಮ ಪುಟ್ಟ ವಾಚನಾಲಯದ ಕಪಾಟಿನಲ್ಲಿರುವ ಪ್ರೇಮ ಕಾದಂಬರಿಗಳನ್ನು ಬೇರ್ಪಡಿಸಿ ಬೀಗ ಹಾಕಬೇಕು, ಹದಿನೆಂಟು ತುಂಬದ ಮಕ್ಕಳ ಕೈಗೆ ಅವು ಸಿಗಬಾರದು, ಬದಲಾಗಿ ಮಹಾಪುರುಷರ ಚರಿತ್ರೆಗಳನ್ನೂ ನೀತಿಕಥೆಗಳನ್ನೂ ಕೊಡಿಸಬೇಕು ಎಂಬುದು ಆ ಸೂಚನೆ. ನಾಲ್ಕಾರು ಮಂದಿ ತಲೆದೂಗಿದರು. ವಾರ್ಷಿಕ ಮಹಾಸಭೆಯಲ್ಲಿ ಇದು ನಿರ್ಣಯವಾಗಿ ಬರಲಿದೆಯಂತೆ.

ಆ ಹಿರಿಯರ ಬಗ್ಗೆ ನನಗೆ ಅಪಾರ ಗೌರವವಿದೆ. ನಾನು ಅವರನ್ನು ಅಣ್ಣ ಎಂದೇ ಕರೆಯುವುದು. ನಾವು ಕಳವಾಕ್ಕೆ ಬಂದ ಹೊಸತರಲ್ಲಿ ನಮ್ಮ ರೇಶನ್ ಕಾರ್ಡಿಗಾಗಿ ನಾಲ್ಕು ಸಲ ಠಾಣೆಗೆ ಓಡಾಡಿದವರು ಅವರು. ಆದರೆ ಗೌರವ ಬೇರೆ, ಒಪ್ಪಿಗೆ ಬೇರೆ. ಈ ಸೂಚನೆ ತಪ್ಪು ಮಾತ್ರವಲ್ಲ, ನಮ್ಮ ಮಕ್ಕಳಿಗೂ ನಮ್ಮ ಭಾಷೆಗೂ ಹಾನಿ ತರುವಂಥದು ಎಂದು ಹೇಳಲೆಂದೇ ಈ ಲೇಖನ.

ಮೊದಲು ಆ ಕಪಾಟಿನ ಮುಂದೆ ನಿಲ್ಲೋಣ. ಮೇಲಿನ ಎರಡು ಅಡ್ಡೆಗಳಲ್ಲಿ ವಿಮರ್ಶೆ, ಅಭಿನಂದನ ಗ್ರಂಥ, ಸ್ಮರಣ ಸಂಚಿಕೆ. ಅವುಗಳ ರಟ್ಟು ಇನ್ನೂ ಹೊಳೆಯುತ್ತಿದೆ. ಯಾರೂ ಬಿಚ್ಚಿದ ಗುರುತಿಲ್ಲ. ಕೆಳಗಿನ ಅಡ್ಡೆಗಳಲ್ಲಿ ತ್ರಿವೇಣಿ, ಎಂ.ಕೆ. ಇಂದಿರಾ, ಅನುಪಮಾ ನಿರಂಜನ, ವಾಣಿ, ಉಷಾ ನವರತ್ನರಾಂ, ಸಾಯಿಸುತೆ. ಅವುಗಳ ಬೆನ್ನು ಹರಿದಿದೆ. ಎರಡೆರಡು ಸಲ ಹೊಲಿದು ರಟ್ಟು ಕಟ್ಟಿಸಿದ್ದೇವೆ. ಕೆಲವಕ್ಕೆ ಕೊನೆಯ ಪುಟವೇ ಇಲ್ಲ; ಯಾರೋ ಪುಣ್ಯಾತ್ಮರು ಪೆನ್ಸಿಲಿನಲ್ಲಿ ಅಂತ್ಯವನ್ನು ಬರೆದಿಟ್ಟಿದ್ದಾರೆ. ಪುಸ್ತಕ ಕೊಂಡೊಯ್ದವರ ವಹಿಯನ್ನು ತೆರೆದು ನೋಡಿದರೆ ಹೆಸರುಗಳೆಲ್ಲ ಈ ಕೆಳಗಿನ ಅಡ್ಡೆಗಳ ಮುಂದೆಯೇ. ಸಂಘದ ವಾಚನಾಲಯವನ್ನು ಇಷ್ಟು ವರ್ಷ ಬದುಕಿಸಿದ ಪುಸ್ತಕಗಳಿಗೇ ಬೀಗ ಹಾಕಬೇಕೆಂದು ನಾವು ಹೊರಟಿದ್ದೇವೆ.

ಪ್ರೇಮಕಥೆ ನಮ್ಮ ಸಂಸ್ಕೃತಿಗೆ ಹೊರಗಿನಿಂದ ಬಂದ ಪಿಡುಗು ಎಂದು ಸಭೆಯಲ್ಲಿ ಒಬ್ಬರು ಹೇಳಿದರು. ಹಾಗಾದರೆ ‘ಕಾದಂಬರಿ’ ಎಂಬ ಶಬ್ದ ಎಲ್ಲಿಂದ ಬಂತು? ಅದು ಒಬ್ಬ ಹುಡುಗಿಯ ಹೆಸರು. ಏಳನೆಯ ಶತಮಾನದ ಬಾಣಭಟ್ಟನ ಸಂಸ್ಕೃತ ಗದ್ಯಕಾವ್ಯದ ನಾಯಕಿ ಅವಳು. ಚಂದ್ರಾಪೀಡನನ್ನು ಪ್ರೀತಿಸಿದ ಗಂಧರ್ವಕನ್ಯೆ. ಆ ಕಥೆಯನ್ನು ನಾಗವರ್ಮ ‘ಕರ್ಣಾಟಕ ಕಾದಂಬರಿ’ಯೆಂದು ಕನ್ನಡಕ್ಕೆ ತಂದ. ಹಿಂದಿಯವರು ಉಪನ್ಯಾಸ ಎನ್ನುತ್ತಾರೆ, ಗುಜರಾತಿಯವರು ನವಲಕಥಾ ಎನ್ನುತ್ತಾರೆ. ಕನ್ನಡಿಗರಾದ ನಾವು ಮತ್ತು ನಮ್ಮ ಪಕ್ಕದ ಬಾಗಿಲಿನ ಮರಾಠಿಗರು ಮಾತ್ರ ಇಡೀ ಒಂದು ಸಾಹಿತ್ಯ ಪ್ರಕಾರವನ್ನು ಪ್ರೀತಿಸಿದ ಹುಡುಗಿಯ ಹೆಸರಿನಿಂದ ಕರೆಯುತ್ತೇವೆ. ಹನ್ನೆರಡನೆಯ ಶತಮಾನದ ನೇಮಿಚಂದ್ರನ ‘ಲೀಲಾವತೀ ಪ್ರಬಂಧ’ದಲ್ಲಿ ನಾಯಕ ನಾಯಕಿಯರು ಕನಸಿನಲ್ಲಿ ಒಬ್ಬರನ್ನೊಬ್ಬರು ಕಂಡು ಮೋಹಗೊಳ್ಳುತ್ತಾರೆ. ಇದನ್ನು ಬರೆದದ್ದು ಜೈನ ಕವಿ, ಯಾವುದೋ ಇಂಗ್ಲಿಷ್ ಕಂಪನಿಯಲ್ಲ.

ನಮ್ಮ ಕರಾವಳಿಯ ಮಾತಿಗೇ ಬರೋಣ. ಕನ್ನಡದ ಮೊದಲ ಸ್ವತಂತ್ರ ಸಾಮಾಜಿಕ ಕಾದಂಬರಿಯೆಂದು ಮನ್ನಣೆ ಪಡೆದ ‘ಇಂದಿರಾಬಾಯಿ’ಯನ್ನು ಗುಲ್ವಾಡಿ ವೆಂಕಟರಾಯರು 1899ರಲ್ಲಿ ಪ್ರಕಟಿಸಿದರು. ಅವರು ಪೊಲೀಸು ಅಧಿಕಾರಿಗಳು. ಎಳೆಯ ವಯಸ್ಸಿನ ವಿಧವೆಯೊಬ್ಬಳು ಮನೆಯ ಬಂಧನದಿಂದ ಹೊರಬಂದು, ವಿದ್ಯೆ ಕಲಿತು, ಮರುಮದುವೆಯಾಗುವ ಕಥೆಯದು. ಹೆಣ್ಣಿಗೊಂದು ಮನಸ್ಸಿದೆ, ಆ ಮನಸ್ಸನ್ನು ಕೇಳಬೇಕು ಎಂಬ ಮಾತಿನಿಂದಲೇ ನಮ್ಮ ಸಾಮಾಜಿಕ ಕಾದಂಬರಿ ಹುಟ್ಟಿತು. ಅದನ್ನು ಬೀಗದೊಳಗಿಡುವುದೆಂದರೆ ನಮ್ಮ ಅಜ್ಜಂದಿರಿಗಿಂತಲೂ ಹಿಂದಕ್ಕೆ ನಡೆದಂತೆ.

ಇನ್ನು ಮುಖ್ಯ ಪ್ರಶ್ನೆ. ಹದಿನೈದು ಹದಿನಾರರ ಹುಡುಗಿ ಪ್ರೇಮ ಕಾದಂಬರಿಗೆ ಏಕೆ ಅಂಟಿಕೊಳ್ಳುತ್ತಾಳೆ? ಅಣ್ಣನವರ ಪ್ರಕಾರ ನಾಯಕನಿಗಾಗಿ. ಎತ್ತರದ ನಿಲುವು, ಕಾರು, ಕಾಫಿತೋಟದ ಒಡೆತನಕ್ಕಾಗಿ. ಸ್ವತಃ ಆ ವಯಸ್ಸಿನಲ್ಲಿ ಓದಿದವಳಾಗಿ ನಾನು ಹೇಳುತ್ತೇನೆ, ಅಲ್ಲ. ನಾಯಕನ ಮುಖ ಹತ್ತು ಪುಸ್ತಕಗಳ ಮೇಲೆ ಕಲಸಿಹೋಗುತ್ತದೆ. ನೆನಪಿನಲ್ಲಿ ಉಳಿಯುವುದು ಒಂದೇ ಸಂಗತಿ: ಆ ಪುಸ್ತಕದಲ್ಲಿ ಯಾರೋ ಒಬ್ಬರು ಹುಡುಗಿಯನ್ನು, “ನಿನಗೇನು ಬೇಕು?” ಎಂದು ಕೇಳುತ್ತಾರೆ.

ನಮ್ಮ ಮನೆಗಳಲ್ಲಿ ಆ ಪ್ರಶ್ನೆಯನ್ನು ಯಾರು ಕೇಳುತ್ತಾರೆ? ಕಳವಾದ ಒಂದು ಖೋಲಿ, ಒಂದು ಕಿಚನ್ನಿನ ಮನೆಯಲ್ಲಿ ಹುಡುಗಿಗೆ ತನ್ನದೆಂಬ ಮೂಲೆಯೇ ಇಲ್ಲ. ಸಾಯನ್ಸೋ ಕಾಮರ್ಸೋ, ಯಾವ ಕ್ಲಾಸು, ಎಷ್ಟು ಗಂಟೆಗೆ ಮನೆ ಸೇರಬೇಕು, ರಜೆಯಲ್ಲಿ ಊರಿಗೆ ಹೋಗುವುದೋ ಇಲ್ಲವೋ, ಎಲ್ಲವನ್ನೂ ಉಳಿದವರು ತೀರ್ಮಾನಿಸುತ್ತಾರೆ. ಜಾನಿಸ್ ರಾಡ್ವೇ ಎಂಬ ಅಮೇರಿಕದ ವಿದುಷಿ ತಮ್ಮ ದೇಶದ ಒಂದು ಊರಿನ ಪ್ರೇಮ ಕಾದಂಬರಿಯ ಓದುಗಿತ್ತಿಯರನ್ನು ಕಂಡು ಮಾತನಾಡಿಸಿ 1984ರಲ್ಲಿ ಒಂದು ಪುಸ್ತಕ ಬರೆದರು. ಪುಸ್ತಕ ಹಿಡಿದು ಕೂತಷ್ಟು ಹೊತ್ತು ತಾವು ಯಾರ ಹೆಂಡತಿಯೂ ಅಲ್ಲ, ಯಾರ ತಾಯಿಯೂ ಅಲ್ಲ, ಆ ಹೊತ್ತು ತಮ್ಮದು ಎಂಬುದು ಆ ಗೃಹಿಣಿಯರ ಮನೋಭಾವವಾಗಿತ್ತು. ಆದರೆ ಓದಿ ಮುಗಿಸಿದ ಮೇಲೆ ಅವರ ಮನೆಯ ವ್ಯವಸ್ಥೆಯೇನಾದರೂ ಬದಲಾಯಿತೇ ಎಂಬ ಸಂಶಯವನ್ನೂ ರಾಡ್ವೇ ಎತ್ತಿದ್ದಾರೆ. ಆ ಸಂಶಯಕ್ಕೆ ನನ್ನ ಬಾಳಿನಿಂದಲೇ ಒಂದು ಉತ್ತರ ಹೇಳುತ್ತೇನೆ.

ನನ್ನ ಮದುವೆ 1979ರಲ್ಲಿ. ವರ ಮುಂಬಯಿಯವರು, ಠಾಣೆ–ಬೇಲಾಪುರ ರಸ್ತೆಯ ಒಂದು ಕಾರಖಾನೆಯಲ್ಲಿ ಕೆಲಸ. ಉಡುಪಿಯ ಕಡೆಯ ನಮ್ಮ ಮನೆಗೆ ಅವರು ಹೆಣ್ಣು ನೋಡಲು ಬಂದರು. ಉಪ್ಪಿಟ್ಟು, ಕಾಫಿ, ಹಾಡು ಎಲ್ಲ ಆಯಿತು. ಹಿರಿಯರು ದಿನ ನೋಡತೊಡಗಿದರು. ನಾನು ಆಗ ತ್ರಿವೇಣಿಯವರ ‘ಬೆಳ್ಳಿಮೋಡ’ವನ್ನು ಎರಡನೆಯ ಸಲ ಓದುತ್ತಿದ್ದೆ. ಒಳಗಿನಿಂದಲೇ ಅಪ್ಪನನ್ನು ಕರೆದು, “ಅವರ ಹತ್ತಿರ ಹತ್ತು ನಿಮಿಷ ಮಾತಾಡಬೇಕು” ಎಂದೆ. ದೊಡ್ಡಮ್ಮ ಹಣೆ ಬಡಿದುಕೊಂಡು, “ಕಾದಂಬರಿ ಓದಿ ಓದಿ ಇವಳ ತಲೆ ಕೆಟ್ಟಿದೆ ಮಾರಾಯ್ರೇ” ಎಂದರು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೋಗು, ಚಾವಡಿಯಲ್ಲಿ ಕೂತು ಮಾತಾಡು” ಎಂದರು. ನಾನು ಕೇಳಿದ್ದು ಒಂದೇ: “ಅಲ್ಲಿ ಬಂದ ಮೇಲೆ ನನ್ನ ಬಿ.ಎ. ಮುಗಿಸಲು ಬಿಡುತ್ತೀರಾ?” ಅವರು ಬಿಡುತ್ತೇನೆಂದರು. ಬಿಟ್ಟರು ಕೂಡ. ಆ ಬಿ.ಎ.ಯಿಂದಲೇ ಮುಂದೆ ನನಗೆ ನೌಕರಿ ಸಿಕ್ಕಿತು. ಕಾರಖಾನೆಗೆ ಬೀಗ ಬಿದ್ದ ವರ್ಷಗಳಲ್ಲಿ ನಮ್ಮ ಮನೆಯ ಒಲೆ ಉರಿದದ್ದು ನನ್ನ ಪಗಾರದಿಂದ. ದೊಡ್ಡಮ್ಮ ಹೇಳಿದ್ದು ನಿಜವೇ. ಅದು ಕಾದಂಬರಿ ಓದಿದ್ದರ ಫಲವೇ. ಆ ಹತ್ತು ನಿಮಿಷ ಕೇಳುವ ಧೈರ್ಯವನ್ನು ನನಗೆ ಯಾವ ನೀತಿಕಥೆಯೂ ಕೊಟ್ಟಿರಲಿಲ್ಲ.

‘ಬೆಳ್ಳಿಮೋಡ’ದ ಕಥೆ ನಮ್ಮ ಪೀಳಿಗೆಯವರಿಗೆ ಹೇಳಬೇಕಾಗಿಲ್ಲ. 1967ರಲ್ಲಿ ಪುಟ್ಟಣ್ಣ ಕಣಗಾಲರು ಅದನ್ನು ಚಿತ್ರವಾಗಿಸಿದರು, ಕಲ್ಪನಾ ಇಂದಿರೆಯಾದಳು. ಆಸ್ತಿಗೆ ಒಬ್ಬಳೇ ವಾರಸುದಾರಳೆಂದು ಒಪ್ಪಿಕೊಂಡಿದ್ದ ವರ, ಅವಳಿಗೊಬ್ಬ ತಮ್ಮ ಹುಟ್ಟಿದೊಡನೆ ಹಿಂದೆ ಸರಿಯುತ್ತಾನೆ. ಮುಂದೆ ಅವನು ಅಪಘಾತದಲ್ಲಿ ಬಿದ್ದಾಗ ಇಂದಿರೆಯೇ ಶುಶ್ರೂಷೆ ಮಾಡುತ್ತಾಳೆ. ಅವನು ಪಶ್ಚಾತ್ತಾಪಪಟ್ಟು ಮದುವೆಯಾಗೆಂದು ಬೇಡಿದಾಗ ಅವಳು ಒಪ್ಪುವುದಿಲ್ಲ. ನಾವು ಹೆದರುವ ಪ್ರೇಮಕಥೆಯ ತುದಿಯಲ್ಲಿರುವುದು ಹುಡುಗಿಯ ‘ಇಲ್ಲ’. ಒಲ್ಲೆ ಎನ್ನಲು ಕಲಿತ ಹುಡುಗಿ ಮಾತ್ರ ಮನಃಪೂರ್ವಕವಾಗಿ ಒಪ್ಪಿದೆ ಎನ್ನಬಲ್ಲಳು.

ವಿರೋಧಿಗಳ ಆಕ್ಷೇಪಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು, ಮಕ್ಕಳು ಓಡಿಹೋಗುತ್ತಾರೆ, ಜಾತಿ ಬಿಟ್ಟು ಮದುವೆಯಾಗುತ್ತಾರೆ ಎಂಬುದು. ಸಭೆಯಲ್ಲಿ ಬಾಯಿಬಿಟ್ಟು ಹೇಳದಿದ್ದರೂ ಎಲ್ಲರ ಮನಸ್ಸಿನಲ್ಲಿದ್ದದ್ದು ಇದೇ. 2011–12ರ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆಯಲ್ಲಿ ಅಂತರ್ಜಾತೀಯ ಮದುವೆಗಳು ನೂರಕ್ಕೆ ಸುಮಾರು 5 ಮಾತ್ರ. ನೂರು ವರ್ಷಕ್ಕೂ ಮೀರಿ ಪ್ರೇಮ ಕಾದಂಬರಿ ಓದಿದ, ಅದಕ್ಕೂ ಹತ್ತುಪಾಲು ಪ್ರೇಮದ ಸಿನಿಮಾ ನೋಡಿದ ದೇಶದ ಲೆಕ್ಕವಿದು. ಪುಸ್ತಕಕ್ಕೆ ಅಷ್ಟು ಶಕ್ತಿಯಿದ್ದಿದ್ದರೆ ಜಾತಿ ಎಂದೋ ಕರಗಿಹೋಗುತ್ತಿತ್ತು. ನಾನು ಕಂಡಂತೆ, ಹೇಳದೆ ಮನೆ ಬಿಟ್ಟು ಹೋದ ಮಕ್ಕಳು ಹೋದದ್ದು ಹೇಳಿಕೊಳ್ಳಲು ಜಾಗವಿಲ್ಲದ ಮನೆಗಳಿಂದ.

ಎರಡನೆಯದು, ಹುಸಿ ಕನಸು ಕಟ್ಟಿಕೊಳ್ಳುತ್ತಾರೆಂಬುದು. ತಾನು ಕಟ್ಟಿಕೊಳ್ಳಲಿರುವವನು ತೋಟದ ಒಡೆಯನಲ್ಲ, ಕಳವಾ ಕಾರ್‌ಶೆಡ್ಡಿನಲ್ಲೇ ಲೋಕಲ್ ಹತ್ತಿ ಕುಳಿತುಕೊಳ್ಳಲು ಹೆಣಗುವ ಒಬ್ಬ ನೌಕರಸ್ಥ ಎಂಬುದು ನಮ್ಮ ಹುಡುಗಿಯರಿಗೆ ನಮಗಿಂತ ಚೆನ್ನಾಗಿ ಗೊತ್ತು. ರಾಮಾಯಣ ಓದಿದವರು ಪಾರಸಿಕ್ ಗುಡ್ಡದಲ್ಲಿ ಬಂಗಾರದ ಜಿಂಕೆ ಹುಡುಕುವುದಿಲ್ಲ.

ಮೂರನೆಯದು ಪಂಡಿತರ ಆಕ್ಷೇಪ: ಇದು ಸಾಹಿತ್ಯವೇ ಅಲ್ಲ, ‘ಅಡುಗೆಮನೆ ಸಾಹಿತ್ಯ’ ಎಂಬುದು. ಹೆಂಗಸರು ಬರೆದದ್ದನ್ನು ಹೆಂಗಸರು ಓದಿದರೆ ಈ ಹೆಸರು. 1963ರಲ್ಲಿ, ಮೂವತ್ತೈದು ತುಂಬುವ ಮೊದಲೇ ತೀರಿಕೊಂಡ ತ್ರಿವೇಣಿಯವರು ‘ಶರಪಂಜರ’ದಲ್ಲಿ, ಮನೋರೋಗದಿಂದ ಗುಣವಾಗಿ ಬಂದ ಹೆಣ್ಣನ್ನು ಮನೆಯವರೇ ಮತ್ತೆ ಹುಚ್ಚಿಯನ್ನಾಗಿ ಮಾಡುವುದನ್ನು ಬರೆದರು. ಎಂ.ಕೆ. ಇಂದಿರಾ ‘ಗೆಜ್ಜೆಪೂಜೆ’ಯಲ್ಲಿ, ಮದುವೆಯ ಬಾಳನ್ನು ಬಯಸಿದ ದೇವದಾಸಿಯ ಮಗಳಿಗೆ ಸಮಾಜ ಆ ಹಕ್ಕನ್ನು ನಿರಾಕರಿಸಿದ್ದನ್ನು ಬರೆದರು. ಡಾಕ್ಟರಾಗಿದ್ದ ಅನುಪಮಾ ನಿರಂಜನರು ಕಾದಂಬರಿ ಬರೆದ ಕೈಯಿಂದಲೇ ‘ದಾಂಪತ್ಯ ದೀಪಿಕೆ’ಯನ್ನೂ ಬರೆದು, ತಾಯಂದಿರು ಹೇಳಲು ನಾಚುತ್ತಿದ್ದುದನ್ನು ಹೆಣ್ಣುಮಕ್ಕಳಿಗೆ ಹೇಳಿಕೊಟ್ಟರು. ಅಡುಗೆಮನೆಯಲ್ಲಿ ಇಷ್ಟೆಲ್ಲ ನಡೆಯುತ್ತದೆ ಎಂದು ಚಾವಡಿಯ ಪಂಡಿತರಿಗೆ ತಿಳಿಯದೇ ಹೋದರೆ ಅದು ಅಡುಗೆಮನೆಯ ತಪ್ಪಲ್ಲ. ಗಂಡಸರು ಬರೆದಾಗಲೂ ಇಂಥ ಗದ್ದಲ ಎದ್ದದ್ದುಂಟು. ‘ನಗ್ನಸತ್ಯ’, ‘ಶನಿಸಂತಾನ’ಗಳ ಮೇಲೆ ಅಶ್ಲೀಲವೆಂಬ ಕೂಗೆದ್ದಾಗ ಅ.ನ.ಕೃ. ‘ಸಾಹಿತ್ಯ ಮತ್ತು ಕಾಮಪ್ರಚೋದನೆ’ ಎಂಬ ಪುಸ್ತಕವನ್ನೇ ಬರೆದು ಉತ್ತರ ಕೊಟ್ಟರು.

ಹಾಗೆಂದು ಈ ಪುಸ್ತಕಗಳಲ್ಲಿ ದೋಷವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಇವೆ, ಬೇಕಾದಷ್ಟಿವೆ. ಎಷ್ಟೋ ಕಥೆಗಳಲ್ಲಿ ಹಿಂಬಾಲಿಸಿ ಕಾಡುವುದಕ್ಕೆ ಪ್ರೀತಿಯೆಂದು ಹೆಸರು. ಕೆನ್ನೆಗೆ ಬಾರಿಸುವ ನಾಯಕನಿಗೆ ಗಂಡಸುತನದ ಬಿರುದು. ಅಳುತ್ತಾ ಎಲ್ಲವನ್ನೂ ತ್ಯಾಗ ಮಾಡುವವಳೇ ಆದರ್ಶ ನಾಯಕಿ. ನಾಯಕಿ ಯಾವಾಗಲೂ ಬೆಳ್ಳಗೆ, ಕಪ್ಪು ಹುಡುಗಿ ಬರೀ ಗೆಳತಿ. ಮೊಗವೀರರ ಮನೆಯ ಹುಡುಗಿಯಾಗಲಿ, ಹೊಟೇಲಿನಲ್ಲಿ ದುಡಿಯುವವನ ಮಗಳಾಗಲಿ ಆ ಕಥೆಗಳ ನಾಯಕಿಯಾದದ್ದು ನಾನು ಕಾಣೆ. ಇದನ್ನೆಲ್ಲ ಮಕ್ಕಳಿಗೆ ಹೇಳಬೇಕು. ಆದರೆ ಬೀಗ ಹಾಕಿದ ಪುಸ್ತಕದ ದೋಷವನ್ನು ಯಾರಿಗೆ, ಹೇಗೆ ತೋರಿಸುವುದು? ನಮ್ಮ ಬೀಗ ಕನ್ನಡ ಕಪಾಟಿಗೆ ಮಾತ್ರ ತಾನೇ. ಮಕ್ಕಳ ಮೊಬೈಲಿಗೆ ಹಾಕುವ ಬೀಗ ಯಾರ ಬಳಿಯಿದೆ? ಅಲ್ಲಿ ಅವರು ಇಂಗ್ಲಿಷಿನಲ್ಲಿ ಓದುತ್ತಲೇ ಇದ್ದಾರೆ. ಕಾಲೀನ್ ಹೂವರ್ ಅವರ 2016ರ ‘ಇಟ್ ಎಂಡ್ಸ್ ವಿತ್ ಅಸ್’ ಅನ್ನು ನಮ್ಮ ಬಿಲ್ಡಿಂಗಿನ ಮೂವರು ಹುಡುಗಿಯರು ಓದಿದ್ದಾರೆ. ಪ್ರೀತಿಸಿ ಮದುವೆಯಾದ ಗಂಡ ಕೈಮಾಡಿದಾಗ ಹೆಂಡತಿ ಏನು ಮಾಡಬೇಕು ಎಂಬುದೇ ಅದರ ತಿರುಳು. ಅವರ ತಾಯಂದಿರಿಗೆ ಆ ಪುಸ್ತಕದ ಹೆಸರೂ ಗೊತ್ತಿಲ್ಲ. ಅಂಥ ವಿಷಯವನ್ನು ಮಗಳು ಒಬ್ಬಳೇ ಓದಿ, ಒಬ್ಬಳೇ ಯೋಚಿಸಿ ಮಲಗುವಂತಾಗಿದೆ. ಚಿಂತೆಪಡುವುದಾದರೆ ಇದಕ್ಕೆ ಪಡೋಣ.

ಇನ್ನೊಂದು ಮಾತು. ಈ ಸೂಚನೆಯಲ್ಲಿ ಗಂಡುಮಕ್ಕಳ ಸುದ್ದಿಯೇ ಇಲ್ಲ. ಅವರು ಪ್ರೀತಿಯ ಬಗ್ಗೆ ಏನು ಓದುತ್ತಾರೆ, ಏನು ನೋಡುತ್ತಾರೆ ಎಂದು ಯಾರೂ ಕೇಳಲಿಲ್ಲ. ಒಬ್ಬ ಹುಡುಗ ‘ಬೆಳ್ಳಿಮೋಡ’ ಓದಿ, ಹೆಣ್ಣು ಒಲ್ಲೆನೆಂದರೆ ಒಲ್ಲೆನೆಂದೇ ಅರ್ಥ ಎಂದು ತಿಳಿದುಕೊಂಡರೆ ಅವನ ತಾಯಿತಂದೆಯರಿಗೆ ಅದಕ್ಕಿಂತ ಭಾಗ್ಯ ಬೇರೆಯಿಲ್ಲ.

ಈಗ ಭಾಷೆಯ ಮಾತು. ನಮ್ಮ ಸಂಘ ಇರುವುದೇ ಕನ್ನಡಕ್ಕಾಗಿ. ಮುಂಬಯಿಯಲ್ಲಿ ನಮ್ಮವರು ಹಗಲು ಹೊಟೇಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಅಕ್ಷರ ಕಲಿತವರು. ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ್ದು 1998ರಲ್ಲಿ. ಅದಕ್ಕೂ ಮೊದಲು ಹಗಲು ರಾತ್ರಿ ಬಸ್ಸಿನಲ್ಲಿ ಕೂತು ಬರುತ್ತಿದ್ದ ನೆಂಟರು ಹಪ್ಪಳ, ಕುಚ್ಚಲಕ್ಕಿಯ ಜತೆಗೆ ‘ಸುಧಾ’, ‘ಮಯೂರ’ಗಳ ಹಳೆಯ ಕಟ್ಟನ್ನೂ ತರುತ್ತಿದ್ದರು, 1983ರ ನಂತರ ‘ತರಂಗ’ವೂ ಸೇರಿತು. ಚಾಳಿನಲ್ಲಿ ಒಂದು ಸಂಚಿಕೆ ಹನ್ನೆರಡು ಮನೆ ಸುತ್ತುತ್ತಿತ್ತು. ಧಾರಾವಾಹಿಯ ಒಂದು ಕಂತು ತಪ್ಪಿಹೋದರೆ ನಲ್ಲಿಯ ಸಾಲಿನಲ್ಲಿ ಯಾರಾದರೂ ಕಥೆ ಹೇಳುತ್ತಿದ್ದರು. ಚಾಳಿನ ಹೆಂಗಸರು ಓದುವ ರೂಢಿಯನ್ನು ಬಿಡದಿದ್ದುದು ಆ ಧಾರಾವಾಹಿಗಳಿಗಾಗಿ.

ಇಂದು ನಮ್ಮ ಮಕ್ಕಳು ಶಾಲೆಯಲ್ಲಿ ಇಂಗ್ಲಿಷ್, ಮರಾಠಿ ಓದುತ್ತಾರೆ, ಬೀದಿಯಲ್ಲಿ ಹಿಂದಿ ಆಡುತ್ತಾರೆ, ಮನೆಯಲ್ಲಿ ತುಳುವೋ ಕನ್ನಡವೋ ಆಡುತ್ತಾರೆ. ಕನ್ನಡ ಓದಲು ಬರುವವರು ಬೆರಳೆಣಿಕೆ. ನಮ್ಮ ರವಿವಾರದ ಕನ್ನಡ ವರ್ಗಕ್ಕೆ ಬರುವ ಒಬ್ಬಳು ಹುಡುಗಿಯಿದ್ದಾಳೆ, ಹತ್ತನೆಯ ಇಯತ್ತೆ. ಅಕ್ಷರಮಾಲೆ, ಒತ್ತಕ್ಷರ ಎಲ್ಲ ಕಲಿತಳು. ನಾಡುನುಡಿಯ ಪಾಠ ಕೊಟ್ಟರೆ ಆಕಳಿಸುತ್ತಿದ್ದಳು. ಕಳೆದ ಮಳೆಗಾಲದಲ್ಲಿ ನಾನು ಅವಳ ಕೈಗೆ ‘ಬೆಳ್ಳಿಮೋಡ’ ಇಟ್ಟೆ. ಬೆರಳಿಟ್ಟು ಅಕ್ಷರ ಕೂಡಿಸಿ ಓದುತ್ತಾ ಆರು ವಾರ ತೆಗೆದುಕೊಂಡಳು. ನಡುವೆ ಒಂದು ರಾತ್ರಿ ನನ್ನ ಬಾಗಿಲು ಬಡಿದಳು.

“ಅಜ್ಜೀ, ಒಂದು ಹೇಳಿ, ಅವಳು ಅವನನ್ನು ಕ್ಷಮಿಸ್ತಾಳಾ?”

“ಓದಿ ನೋಡು.”

“ಅಕ್ಷರ ಕೂಡಿಸ್ಲಿಕ್ಕೆ ತುಂಬ ಹೊತ್ತು ಬೇಕಾಗ್ತದೆ ಅಜ್ಜೀ.”

“ಬೇಕಾಗಲಿ.”

ಮುಗಿಸಿದ ದಿನ ಬಂದು, “ಕ್ಷಮಿಸಿದ್ದು ಸರಿ, ಆದ್ರೆ ಅಷ್ಟು ಸೇವೆ ಮಾಡಬಾರದಿತ್ತು. ನಾನಾಗಿದ್ರೆ ಅವನ ನಂಬರನ್ನೇ ಬ್ಲಾಕ್ ಮಾಡ್ತಿದ್ದೆ” ಎಂದಳು. ಆಮೇಲೆ ಒಂದು ಗಂಟೆ ನಮ್ಮಿಬ್ಬರಿಗೂ ಚರ್ಚೆ. ಪ್ರೀತಿಗೂ ಕರುಣೆಗೂ ಏನು ವ್ಯತ್ಯಾಸ, ಮೋಸ ಮಾಡಿದವನಿಗೆ ಎರಡನೆಯ ಅವಕಾಶ ಕೊಡಬೇಕೇ, ಹೀಗೆ. ಆ ಮಾತೆಲ್ಲ ನಡೆದದ್ದು ಕನ್ನಡದಲ್ಲಿ. ಅವಳ ತಾಯಿ ಬಾಗಿಲಲ್ಲಿ ನಿಂತು ಕೇಳಿಸಿಕೊಂಡು, ಕೊನೆಗೆ ತಾವೂ ಬಂದು ಕೂತರು. ಕನ್ನಡ ಉಳಿಸಿ ಎಂಬ ಭಾಷಣವನ್ನು ನಾವು ಪ್ರತಿ ನವೆಂಬರಿನಲ್ಲಿ ಮಾಡುತ್ತೇವೆ. ಆ ರಾತ್ರಿ ನಮ್ಮ ಮನೆಯಲ್ಲಿ ನಡೆದದ್ದು ಯಾವ ಭಾಷಣದಿಂದಲೂ ಆಗಲಿಲ್ಲ.

ಮೊದಲು ಯಶವಂತ ಚಿತ್ತಾಲರ ‘ಶಿಕಾರಿ’ಯನ್ನೋ ವ್ಯಾಸರಾಯ ಬಲ್ಲಾಳರನ್ನೋ ಓದಿಸಿ ಎನ್ನುವವರಿಗೆ ನನ್ನ ಉತ್ತರ ಇಷ್ಟೇ. ಅವರು ನಮ್ಮ ಮುಂಬಯಿ ಕನ್ನಡದ ಹೆಮ್ಮೆ, ಅಲ್ಲಿಗೂ ತಲುಪಬೇಕು. ಆದರೆ ಮೇಲಿನ ಮಹಡಿಗೆ ಹೋಗಬೇಕಾದವರು ಮೊದಲ ಮೆಟ್ಟಿಲನ್ನು ಕಿತ್ತುಹಾಕುವುದಿಲ್ಲ. ಒಂದು ಕಾಲಕ್ಕೆ ತ್ರಿವೇಣಿಯಿಂದ ಆರಂಭಿಸಿದವರೇ ಮುಂದೆ ‘ಶಿಕಾರಿ’ಯ ಓದುಗರಾದದ್ದು.

ಬೇಡವೆಂದು ಹೇಳಿ ಸುಮ್ಮನಾಗುವುದು ಸುಲಭ. ಆದುದರಿಂದ ನಾನೂ ಕೆಲವು ಸೂಚನೆಗಳನ್ನು ಮಂಡಿಸುತ್ತೇನೆ. ಒಂದು, ಕಪಾಟು ತೆರೆದೇ ಇರಲಿ, ಹರಿದ ಪುಸ್ತಕಗಳ ಬದಲು ಹೊಸ ಪ್ರತಿ ತರಿಸೋಣ. ಎರಡು, ತಿಂಗಳಲ್ಲಿ ಒಂದು ರವಿವಾರ ಕನ್ನಡ ವರ್ಗದ ಮಕ್ಕಳು, ಹುಡುಗರೂ ಸಹ, ಒಂದು ಕಾದಂಬರಿ ಓದಿ ಬಂದು ಜಗಳವಾಡಲಿ. ಒಬ್ಬ ತಾಯಿಯೋ ತಂದೆಯೋ ಅದನ್ನೇ ಓದಿ ಬಂದು ಜತೆಗೆ ಕೂರಲಿ. ಮೂರು, ನಮ್ಮ ಈ ಮಾಸಿಕ ಯುವಕ ಯುವತಿಯರಿಂದ ಕಥೆಗಳನ್ನು ಕರೆಯಲಿ. ಕಳವಾ ಸ್ಟೇಶನ್ನಿನ ಸೇತುವೆಯ ಮೇಲೆ, ಖಾಡಿಯ ಗಾಳಿಯಲ್ಲಿ, ಕೈಯಲ್ಲಿ ಕ್ಲಾಸಿನ ಚೀಲ ಹಿಡಿದು ನಿಂತ ಹುಡುಗಿಯ ಪ್ರೇಮಕಥೆಯನ್ನು ಕನ್ನಡದಲ್ಲಿ ನಾನು ಇನ್ನೂ ಓದಿಲ್ಲ. ಅವಳೇ ಬರೆಯಬೇಕು.

ಅಣ್ಣನವರು ಮುನಿಸಿಕೊಳ್ಳಬಾರದು. ಅವರ ಮನೆಯಲ್ಲೂ ಅತ್ತಿಗೆಯವರ ದಿಂಬಿನ ಕೆಳಗೆ ಒಂದು ಕಾಲದಲ್ಲಿ ಉಷಾ ನವರತ್ನರಾಂ ಇದ್ದುದನ್ನು ನಾನು ಬಲ್ಲೆ, ಕೊಟ್ಟವಳೇ ನಾನು. ಅವರ ಸಂಸಾರ ಚೆನ್ನಾಗಿಯೇ ನಡೆಯಿತು. ಮಹಾಸಭೆಯಲ್ಲಿ ನಿರ್ಣಯ ಬಂದಾಗ ನಾನು ವಿರೋಧವಾಗಿ ಕೈ ಎತ್ತುತ್ತೇನೆ. ಹೆಣ್ಣುಮಕ್ಕಳ ತಾಯಂದಿರು, ಮೇಲಾಗಿ ತಂದೆಯಂದಿರು, ಅಂದು ಅಡುಗೆ ಕೆಲಸ, ಕ್ರಿಕೆಟ್ ಎಲ್ಲ ಬದಿಗಿಟ್ಟು ಸಭೆಗೆ ಬಂದು ಕೈ ಎತ್ತಬೇಕೆಂದು ವಿನಂತಿ.